ಗೋಯಾನ ಬೆನ್ನು ಹಿಡಿದು ಮ್ಯಾಡ್ರಿಡ್

ಮ್ಯಾಡ್ರಿಡ್‌ಗೆ ಹೋಗಬೇಕು ಅಂತ ಹುಡುಕಲು ಕೂತರೆ ಮೊದಲು ಸಿಗುವುದು ಪಟ್ಟಿಗಳು. ನೋಡಲೇಬೇಕಾದ ಜಾಗಗಳು, ತಿನ್ನಲೇಬೇಕಾದ ತಿಂಡಿಗಳು, ಫೋಟೊ ತೆಗೆಯಲೇಬೇಕಾದ ಮೂಲೆಗಳು. ಅವುಗಳಲ್ಲಿ ತಪ್ಪೇನಿಲ್ಲ. ಆದರೆ ಆ ಊರಿನಲ್ಲಿ ಚಿತ್ರಗಳು ಎಷ್ಟಿವೆ ಅಂದರೆ, ಪಟ್ಟಿ ಹಿಡಿದು ಹೊರಟವರಿಗೆ ಎರಡನೇ ದಿನಕ್ಕೇ ಕಣ್ಣು ದಣಿಯುತ್ತದೆ. ಪ್ರಾಡೊ, ತಿಸೆನ್, ರೀನಾ ಸೋಫಿಯಾ ಎಂಬ ಮೂರೂ ಚಿತ್ರ ಮ್ಯೂಸಿಯಂಗಳು ಒಂದೇ ದೊಡ್ಡ ಬೀದಿಯ ಆಸುಪಾಸಿನಲ್ಲಿವೆ. ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದು. ಹತ್ತಿರ ಇವೆಯಲ್ಲಾ ಅಂತ ಮೂರನ್ನೂ ಒಂದೇ ದಿನಕ್ಕೆ ತುಂಬುವವರು ಬಹಳ ಜನ. ಸಂಜೆ ಹೋಟೆಲ್‌ಗೆ ಬಂದು ಕಣ್ಣು ಮುಚ್ಚಿದರೆ ಒಂದು ಚಿತ್ರವೂ ನೆನಪಿಗೆ ಬರುವುದಿಲ್ಲ.

ಬರುವ ಮೇ ತಿಂಗಳಿಗೆ ಅವ್ವನನ್ನು ಕರೆದುಕೊಂಡು ಅಲ್ಲಿಗೆ ಹೋಗುವ ತಯಾರಿ ನಡೆಸಿದ್ದೇನೆ. ಈ ಸಲ ಪಟ್ಟಿ ಇಲ್ಲ. ಒಬ್ಬನೇ ಚಿತ್ರಕಾರನ ಬೆನ್ನು ಹಿಡಿದು ಊರು ಸುತ್ತುವುದು ಅಂತ ತೀರ್ಮಾನಿಸಿದ್ದೇವೆ. ಅವನು ಫ್ರಾನ್ಸಿಸ್ಕೊ ಗೋಯಾ.

ಯಾಕೆ ಗೋಯಾ? ವೆಲಾಸ್ಕೆಸ್ ಇಲ್ವಾ, ಪಿಕಾಸೊ ಇಲ್ವಾ? ಇದ್ದಾರೆ. ಆದರೆ ಗೋಯಾ ಬಿಡಿಸಿದ ಮ್ಯಾಡ್ರಿಡ್ ಇವತ್ತಿಗೂ ಅಲ್ಲೇ ಇದೆ. ಅವನು ಹಬ್ಬ ಬಿಡಿಸಿದ ಬಯಲು ಇದೆ, ದಂಗೆ ಬಿಡಿಸಿದ ಚೌಕ ಇದೆ, ಜನರನ್ನು ಗುಂಡಿಟ್ಟು ಕೊಂದ ಗುಡ್ಡ ಇದೆ. ಅವನ ಸಮಾಧಿಯೂ ಅವನೇ ಬಿಡಿಸಿದ ಚಿತ್ರಗಳ ಕೆಳಗಿದೆ. ಮ್ಯೂಸಿಯಂನಲ್ಲಿ ಚಿತ್ರ ನೋಡಿ, ಹೊರಗೆ ಬಂದು, ಮೆಟ್ರೊ ಹತ್ತಿ ಅದೇ ಜಾಗದಲ್ಲಿ ಹೋಗಿ ನಿಲ್ಲಬಹುದು. ಇಂಥ ಅವಕಾಶ ಎಷ್ಟು ಊರುಗಳಲ್ಲಿ ಸಿಗುತ್ತದೆ ಹೇಳಿ.

ಗೋಯಾ ಹುಟ್ಟಿದ್ದು 1746ರಲ್ಲಿ, ಅರಾಗಾನ್ ಪ್ರಾಂತ್ಯದ ಫುಯೆಂದೆತೊದೊಸ್ ಎಂಬ ಸಣ್ಣ ಹಳ್ಳಿಯಲ್ಲಿ. 1775ರಲ್ಲಿ ಮ್ಯಾಡ್ರಿಡ್‌ಗೆ ಬಂದ. ಸಿಕ್ಕ ಕೆಲಸ ಅರಮನೆಯ ಗೋಡೆಗೆ ತೂಗುಹಾಕುವ ನೇಯ್ದ ಪರದೆಗಳಿಗೆ ಮಾದರಿ ಬಿಡಿಸುವುದು. ರಾಜರ ನೇಯ್ಗೆ ಕಾರ್ಖಾನೆಯಲ್ಲಿ ನೇಕಾರರು ಆ ಮಾದರಿ ನೋಡಿಕೊಂಡು ಉಣ್ಣೆ, ರೇಷ್ಮೆಯಲ್ಲಿ ಚಿತ್ರ ನೇಯುತ್ತಿದ್ದರು. ಆ ಮಾದರಿಗಳು ಈಗ ಪ್ರಾಡೊದ ಮೇಲಿನ ಅಂತಸ್ತಿನಲ್ಲಿವೆ. ಬಣ್ಣದ ಕೊಡೆ ಹಿಡಿದ ಹುಡುಗ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಆಡುವವರು, ಗಾಳಿಪಟ ಹಾರಿಸುವವರು, ಸಂತೆಯಲ್ಲಿ ಪಾತ್ರೆ ಮಾರುವವರು. ಹೆಚ್ಚಿನವರು ಮೇಲಿನ ಈ ಕೋಣೆಗಳನ್ನು ಬಿಟ್ಟೇ ಬಿಡುತ್ತಾರೆ. ಕೆಳಗಿನ ಹೆಸರಾಂತ ಚಿತ್ರಗಳನ್ನು ನೋಡುವಷ್ಟರಲ್ಲಿ ಕಾಲು ಸೋತಿರುತ್ತದೆ. ನಾನು ಮೊದಲ ದಿನವನ್ನು ಅಲ್ಲಿಂದಲೇ ಶುರು ಮಾಡಬೇಕು ಅಂದುಕೊಂಡಿದ್ದೇನೆ.

ಅದಕ್ಕೆ ಅವ್ವನೂ ಒಂದು ಕಾರಣ. ಅವ್ವನ ತವರು ಇಳಕಲ್ಲು. ಮಗ್ಗದ ಸಪ್ಪಳದಲ್ಲೇ ಬೆಳೆದವಳು. ಗೋಯಾನ ಮಾದರಿಗಳನ್ನು ಲ್ಯಾಪ್‌ಟಾಪ್‌ನಲ್ಲಿ ದೊಡ್ಡದು ಮಾಡಿ ತೋರಿಸಿದೆ. ಬಹಳ ಹೊತ್ತು ನೋಡಿದಳು. ಆಮೇಲೆ ಕೇಳಿದಳು: "ಇಷ್ಟ್ ಸಣ್ಣ ಸಣ್ಣ ಬಣ್ಣ ಹಾಕ್ಯಾನಲ್ಲ, ನೇಯಾವ್ರು ಹೆಂಗ್ ನೇಯಬೇಕು?"

ಈ ಪ್ರಶ್ನೆಯನ್ನು ಆ ಕಾಲದ ನೇಕಾರರೂ ಕೇಳಿದ್ದರು! ಕುರುಡನೊಬ್ಬ ಬೀದಿಯಲ್ಲಿ ನಿಂತು ಗಿಟಾರ್ ಬಾರಿಸುವ ಚಿತ್ರವನ್ನು ಗೋಯಾ 1778ರಲ್ಲಿ ಕಾರ್ಖಾನೆಗೆ ಕೊಟ್ಟ. ಅದರಲ್ಲಿ ಜನ ಜಾಸ್ತಿ, ವಿವರ ಜಾಸ್ತಿ. ಇದನ್ನು ನೇಯಲು ಆಗುವುದಿಲ್ಲ, ಸರಿಮಾಡಿ ಕೊಡು ಅಂತ ವಾಪಸ್ ಕಳಿಸಿದರು. ಗೋಯಾ ತಿದ್ದಿ ಕೊಡಬೇಕಾಯಿತು. ಇದನ್ನು ಹೇಳಿದಾಗ ಅವ್ವನಿಗೆ ಆದ ಖುಷಿ ದೊಡ್ಡದು. ಅಲ್ಲಿಯತನಕ "ನಿನಗ ಬೇಕಂದ್ರ ಬರ್ತೀನಿ" ಅನ್ನುತ್ತಿದ್ದವಳು, ಅವತ್ತಿನಿಂದ ತಾನೇ ದಿನಾ ಒಂದೊಂದು ಚಿತ್ರ ತೆಗೆಸಿ ನೋಡುತ್ತಿದ್ದಾಳೆ.

ಮೇ ತಿಂಗಳನ್ನೇ ಆರಿಸಿಕೊಂಡದ್ದಕ್ಕೆ ಸಾನ್ ಇಸಿದ್ರೊ ಹಬ್ಬ ಕಾರಣ. ಇಸಿದ್ರೊ ಮ್ಯಾಡ್ರಿಡ್ ಊರನ್ನು ಕಾಯುವ ಸಂತ. ರಾಜನಲ್ಲ, ಯೋಧನಲ್ಲ, ಬೇರೆಯವರ ಹೊಲದಲ್ಲಿ ದುಡಿದ ರೈತ. ಅವನು ಪ್ರಾರ್ಥನೆಗೆ ಕೂತಾಗ ದೇವದೂತರು ಬಂದು ಅವನ ನೇಗಿಲು ಹೊಡೆದರು ಅಂತ ಕಥೆ. ಮೇ 15 ಅವನ ದಿನ. ಊರಿಗೆ ಊರೇ ಮನ್ಸನಾರೆಸ್ ನದಿ ದಾಟಿ ಅವನ ಗುಡಿಯ ಬಳಿಯ ಬಯಲಿಗೆ ಹೋಗುತ್ತದೆ. ಸಾಲಿನಲ್ಲಿ ನಿಂತು ಅಲ್ಲಿನ ಬುಗ್ಗೆಯ ನೀರು ಕುಡಿಯುತ್ತಾರೆ. ಹುಲ್ಲಿನ ಮೇಲೆ ಬಟ್ಟೆ ಹಾಸಿಕೊಂಡು ಉಣ್ಣುತ್ತಾರೆ. ಹೆಂಗಸರು ತಲೆಗೆ ಬಿಳಿ ವಸ್ತ್ರ ಕಟ್ಟಿ ಕೆಂಪು ಹೂ ಮುಡಿಯುತ್ತಾರೆ. ಗಂಡಸರು ಚೌಕಳಿ ಟೋಪಿ ಹಾಕುತ್ತಾರೆ. ರೊಸ್ಕಿಯಾಸ್ ಅನ್ನುವ ಬಳೆಯಾಕಾರದ ಸಿಹಿ ತಿಂಡಿಯನ್ನು ರಾಶಿ ಹಾಕಿ ಮಾರುತ್ತಾರೆ. ನಮ್ಮ ಕಡೆಯ ಜಾತ್ರೆ ನೋಡಿದವರಿಗೆ ಅಲ್ಲಿ ಯಾವುದೂ ಹೊಸದು ಅನ್ನಿಸುವುದಿಲ್ಲ.

ಈ ಬಯಲನ್ನು ಗೋಯಾ ಎರಡು ಸಲ ಬಿಡಿಸಿದ. ನಮ್ಮ ಪ್ರವಾಸ ನಿಂತಿರುವುದೇ ಈ ಎರಡು ಚಿತ್ರಗಳ ಮೇಲೆ.

ಮೊದಲನೆಯದು 1788ರದ್ದು. ಹಬ್ಬದ ದಿನ. ಮುಂದೆ ಕೊಡೆ ಹಿಡಿದು ಕೂತ ಹೆಂಗಸರು, ಹರಟುವ ಗಂಡಸರು, ಕುದುರೆ ಗಾಡಿಗಳು. ಕೆಳಗೆ ನದಿ. ಆಚೆ ದಡದಲ್ಲಿ ಬಿಸಿಲಿಗೆ ಬೆಳ್ಳಗೆ ಹೊಳೆಯುವ ಮ್ಯಾಡ್ರಿಡ್, ಅರಮನೆ, ದೊಡ್ಡ ಚರ್ಚಿನ ಗುಮ್ಮಟ. ನೂರಾರು ಜನರನ್ನು ಚುಕ್ಕಿ ಚುಕ್ಕಿಯಾಗಿ ಇಟ್ಟಿದ್ದಾನೆ. ಆದರೂ ಪ್ರತಿ ಚುಕ್ಕಿಗೂ ಜೀವ ಇದೆ. ಇಷ್ಟೆಲ್ಲ ಇರುವ ಚಿತ್ರದ ಎತ್ತರ 42 ಸೆಂಟಿಮೀಟರ್, ಅಗಲ 91 ಸೆಂಟಿಮೀಟರ್, ಅಷ್ಟೇ. ಇದು ದೊಡ್ಡ ಮಾದರಿಗಾಗಿ ಮಾಡಿಕೊಂಡ ಕರಡು. ಆ ವರ್ಷದ ಡಿಸೆಂಬರ್‌ನಲ್ಲಿ ರಾಜ ಮೂರನೇ ಕಾರ್ಲೊಸ್ ತೀರಿಕೊಂಡ. ಕೆಲಸ ಅಲ್ಲಿಗೇ ನಿಂತಿತು. ಪರದೆ ನೇಯಲೇ ಇಲ್ಲ, ಕರಡು ಉಳಿಯಿತು.

ಎರಡನೆಯದು ಮೂವತ್ತಕ್ಕೂ ಜಾಸ್ತಿ ವರ್ಷಗಳ ನಂತರದ್ದು. ಅದೇ ಇಸಿದ್ರೊ, ಅದೇ ಯಾತ್ರೆ. ಅಗಲ ನಾಲ್ಕು ಮೀಟರ್‌ಗೂ ಹೆಚ್ಚು. ಬಿಸಿಲಿಲ್ಲ, ನದಿಯಿಲ್ಲ, ಊರಿಲ್ಲ. ಕತ್ತಲ ಗುಡ್ಡ ಇಳಿದು ಬರುವ ಜನರ ಮುದ್ದೆ. ಮುಂದೆ ಒಬ್ಬ ಗಿಟಾರ್ ಬಾರಿಸುತ್ತಿದ್ದಾನೆ. ಅವನ ಹಿಂದಿನ ಮುಖಗಳು ಬಾಯಿ ತೆರೆದು ಹಾಡುತ್ತಿವೆಯೋ ಕಿರುಚುತ್ತಿವೆಯೋ ತಿಳಿಯುವುದಿಲ್ಲ.

ಹಿಂದೊಮ್ಮೆ ಆಫೀಸ್ ಕೆಲಸಕ್ಕೆ ಮ್ಯಾಡ್ರಿಡ್‌ಗೆ ಹೋಗಿದ್ದೆ. ಒಂದು ಸಂಜೆ ಬಿಡುವು ಸಿಕ್ಕಿ ಪ್ರಾಡೊಗೆ ಹೋದೆ. ಈ ಚಿತ್ರದ ಎದುರು ನಿಂತವಳಿಗೆ ಕಾಲು ಕೀಳಲು ಆಗಲಿಲ್ಲ. ಹಬ್ಬದ ಸಂತೋಷವನ್ನು ಅಷ್ಟು ಚೆನ್ನಾಗಿ ಬಲ್ಲ ಕೈ ಇದನ್ನು ಯಾಕೆ ಬಿಡಿಸಿತು? ಆ ಪ್ರಶ್ನೆ ಅವತ್ತಿನಿಂದ ಬಿಟ್ಟಿಲ್ಲ. ಈ ಪ್ರವಾಸ ಹುಟ್ಟಿದ್ದೂ ಅದರಿಂದಲೇ.

ಎರಡು ಚಿತ್ರಗಳ ನಡುವೆ ಏನಾಯಿತು ಅಂತ ನೋಡಬೇಕಾದರೆ ಊರೊಳಗೆ ಓಡಾಡಬೇಕು.

1793ರ ಹೊತ್ತಿಗೆ ದೊಡ್ಡ ಕಾಯಿಲೆ ಬಿದ್ದು ಗೋಯಾನ ಕಿವಿ ಪೂರ್ತಿ ಕೇಳದಂತಾಯಿತು. ಮುಂದಿನ ಮೂವತ್ತೈದು ವರ್ಷ ಅವನಿಗೆ ಯಾರ ಮಾತೂ, ಯಾವ ಹಾಡೂ ಕೇಳಿಸಲಿಲ್ಲ. ಆಮೇಲೆ 1798ರಲ್ಲಿ ಬಿಡಿಸಿದ್ದು ಸಾನ್ ಅಂತೋನಿಯೊ ದೆ ಲಾ ಫ್ಲೊರಿದಾ ಎಂಬ ಸಣ್ಣ ಗುಡಿಯ ಗುಮ್ಮಟ. ಸಂತ ಅಂತೋನಿಯೊ ಸತ್ತವನೊಬ್ಬನನ್ನು ಎಬ್ಬಿಸಿ ಸಾಕ್ಷಿ ಹೇಳಿಸುವ ಕಥೆ ಅಲ್ಲಿದೆ. ಗೋಯಾ ಗುಮ್ಮಟದ ಸುತ್ತ ಒಂದು ಕಟಕಟೆ ಬಿಡಿಸಿ, ಅದರ ಹಿಂದೆ ಮ್ಯಾಡ್ರಿಡ್‌ನ ಬೀದಿ ಜನರನ್ನು ನಿಲ್ಲಿಸಿದ. ಪವಾಡದ ಕಡೆ ನೋಡದೆ ತಮ್ಮ ತಮ್ಮಲ್ಲೇ ಮಾತಾಡುವವರಿದ್ದಾರೆ, ಕಟಕಟೆ ಏರಲು ಹೊರಟ ಹುಡುಗರಿದ್ದಾರೆ. ಏನೂ ಕೇಳಿಸದವನು ಇಷ್ಟು ಗದ್ದಲವನ್ನು ಬಣ್ಣದಲ್ಲಿ ಹೇಗೆ ತಂದ! ಕತ್ತೆತ್ತಿ ನೋಡಿ ನೋವಾಗದಿರಲಿ ಅಂತ ಕೆಳಗೆ ಕನ್ನಡಿ ಇಟ್ಟಿದ್ದಾರೆ. ಅವ್ವನಿಗೆ ಕತ್ತು ನೋವಿದೆ, ಅದಕ್ಕೇ ಇದನ್ನು ವಿಚಾರಿಸಿ ಇಟ್ಟುಕೊಂಡೆ.

ಗೋಯಾನ ಸಮಾಧಿ ಇದೇ ಗುಮ್ಮಟದ ಕೆಳಗಿದೆ. ಅವನು ತೀರಿಕೊಂಡದ್ದು 1828ರಲ್ಲಿ, ಫ್ರಾನ್ಸಿನ ಬೋರ್ಡೋ ಊರಿನಲ್ಲಿ. 1888ರಲ್ಲಿ ಅಲ್ಲಿ ಸಮಾಧಿ ತೆರೆದಾಗ ತಲೆಬುರುಡೆ ಇರಲಿಲ್ಲ. ಉಳಿದದ್ದನ್ನು ಸ್ಪೇನ್‌ಗೆ ತಂದು, 1919ರಲ್ಲಿ ಇಲ್ಲಿ ಇಟ್ಟರು. ಮೇಣದ ಹೊಗೆಯಿಂದ ಚಿತ್ರಗಳು ಕೆಡಬಾರದು ಅಂತ ಪಕ್ಕದಲ್ಲೇ ಇಂಥದೇ ಇನ್ನೊಂದು ಗುಡಿ ಕಟ್ಟಿ, ಪೂಜೆಯನ್ನು ಅದಕ್ಕೆ ಸಾಗಿಸಿದ್ದಾರೆ. ಪ್ರಿನ್ಸಿಪೆ ಪಿಯೊ ಮೆಟ್ರೊ ನಿಲ್ದಾಣದಿಂದ ಸ್ವಲ್ಪ ದೂರ ನಡೆದರೆ ಸಾಕು. ಒಳಗೆ ಹೋಗಲು ದುಡ್ಡಿಲ್ಲ. ಸೋಮವಾರ ರಜೆ. ದುರಸ್ತಿಗೆ ಮುಚ್ಚುವುದೂ ಇರುತ್ತದೆ, ಆದ್ದರಿಂದ ಹೋಗುವ ವಾರ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಇನ್ನು ಯುದ್ಧ. 1808ರ ಮೇ 2ರಂದು ಮ್ಯಾಡ್ರಿಡ್ ಜನ ನೆಪೋಲಿಯನ್ನನ ಸೈನ್ಯದ ಮೇಲೆ ತಿರುಗಿಬಿದ್ದರು. ಪುಯೆರ್ತಾ ದೆಲ್ ಸೋಲ್ ಚೌಕದಲ್ಲಿ, ಕುದುರೆ ಏರಿ ಬಂದ ಮಾಮೆಲೂಕ್ ಸವಾರರ (ಆ ಸೈನ್ಯದಲ್ಲಿದ್ದ ಈಜಿಪ್ಟ್ ಕಡೆಯವರು) ಮೇಲೆ ಚಾಕು ಹಿಡಿದು ಬಿದ್ದರು. ಸಿಕ್ಕಿಬಿದ್ದವರನ್ನು ಅವತ್ತು ರಾತ್ರಿಯಿಂದ ಬೆಳಗಿನವರೆಗೆ ಗುಂಡಿಟ್ಟು ಕೊಂದರು. ಗೋಯಾ 1814ರಲ್ಲಿ ಎರಡನ್ನೂ ಬಿಡಿಸಿದ. ಎರಡನೆಯದನ್ನು ನೀವು ಎಲ್ಲಾದರೂ ನೋಡಿಯೇ ಇರುತ್ತೀರಿ. ನೆಲದ ಮೇಲೊಂದು ಲಾಟೀನು. ಬಿಳಿ ಅಂಗಿಯವನು ಮಂಡಿಯೂರಿ ಎರಡೂ ಕೈ ಮೇಲೆತ್ತಿದ್ದಾನೆ. ಕೊಲ್ಲುವವರು ಸಾಲಾಗಿ ಬಗ್ಗಿ ಗುರಿ ಹಿಡಿದಿದ್ದಾರೆ, ಅವರ ಮುಖ ನಮಗೆ ಕಾಣುವುದಿಲ್ಲ. ಸಾಯುವವರ ಮುಖಗಳು ಮಾತ್ರ ಕಾಣುತ್ತವೆ.

ಕೊಂದ ಜಾಗಗಳಲ್ಲಿ ಒಂದು ಪ್ರಿನ್ಸಿಪೆ ಪಿಯೊ ಗುಡ್ಡ. ಈಗ ಆ ಗುಡ್ಡದ ಮೇಲೆ ದೆಬೋದ್ ದೇವಾಲಯ ಇದೆ. ಅಸ್ವಾನ್ ಅಣೆಕಟ್ಟು ಕಟ್ಟುವಾಗ ಮುಳುಗಲಿದ್ದ ಗುಡಿಗಳನ್ನು ಉಳಿಸಲು ಸ್ಪೇನ್ ಕೈಜೋಡಿಸಿತ್ತು. ಅದಕ್ಕೆ ಈಜಿಪ್ಟ್ 1968ರಲ್ಲಿ ಈ ಗುಡಿಯನ್ನೇ ಕೊಟ್ಟಿತು. ಮುಳುಗುವ ಸೂರ್ಯನನ್ನು ನೋಡಲು ಸಂಜೆ ಅಲ್ಲಿ ಜನ ತುಂಬುತ್ತಾರೆ. ಪಟ್ಟಿಗಳಲ್ಲಿ ಇದು ಫೋಟೊ ಜಾಗ ಅಂತ ಇರುತ್ತದೆ. ಗುಡ್ಡದ ಕಥೆಯನ್ನೂ ಎರಡು ಸಾಲು ಬರೆದರೆ ಎಷ್ಟು ಚೆನ್ನಾಗಿತ್ತು ಅಲ್ವಾ. ಅಂದು ಕೊಂದ 43 ಜನರನ್ನು ಹೂಳಿದ ಸಣ್ಣ ಸ್ಮಶಾನ ಗೋಯಾನ ಗುಡಿಯ ಹತ್ತಿರವೇ ಇದೆ. ಹೀಗಾಗಿ ಗುಡಿ, ಸ್ಮಶಾನ, ಗುಡ್ಡ ಒಂದೇ ಮಧ್ಯಾಹ್ನಕ್ಕೆ ಆಗುತ್ತವೆ. ರಾತ್ರಿ ಯುವಕರು ತುಂಬಿ ತುಳುಕುವ ಮಲಸಾನ್ಯಾ ಬಡಾವಣೆಗೂ ಆ ದಂಗೆಯ ದಿನ ಸತ್ತ ಮನುವೆಲಾ ಮಲಸಾನ್ಯಾ ಎಂಬ ಹುಡುಗಿಯ ಹೆಸರೇ ಇಟ್ಟಿದ್ದಾರೆ.

1819ರಲ್ಲಿ ಎರಡು ಸಂಗತಿ ನಡೆದವು. ಪ್ರಾಡೊ ಮ್ಯೂಸಿಯಂ ಜನರಿಗೆ ಬಾಗಿಲು ತೆರೆಯಿತು. ಎಪ್ಪತ್ತು ದಾಟಿದ ಗೋಯಾ ನದಿಯಾಚೆ, ಸೆಗೋವಿಯಾ ಸೇತುವೆಯ ಬಳಿ ಒಂದು ಮನೆ ಕೊಂಡ. ಆ ಮನೆಯ ಗೋಡೆಗಳ ಮೇಲೆ 14 ಚಿತ್ರ ಬಿಡಿಸಿದ. ಯಾರೂ ಕೇಳಿರಲಿಲ್ಲ, ಯಾರಿಗೂ ಮಾರಲಿಲ್ಲ, ಹೆಸರನ್ನೂ ಇಡಲಿಲ್ಲ. ಕಪ್ಪು ಚಿತ್ರಗಳು ಅನ್ನುವುದು ಇವನ್ನೇ. ಕತ್ತಲ ಯಾತ್ರೆ ಅವುಗಳಲ್ಲಿ ಒಂದು. 1874ರಿಂದ ಅವನ್ನು ಗೋಡೆಯಿಂದ ಬಿಡಿಸಿ ಬಟ್ಟೆಗೆ ಅಂಟಿಸಿದರು. ಈಗ ಪ್ರಾಡೊದ ನೆಲ ಅಂತಸ್ತಿನಲ್ಲಿವೆ. ಮನೆ ಮಾತ್ರ ಉಳಿದಿಲ್ಲ. ಆದರೆ ಆ ಮನೆಯಿದ್ದ ಕಡೆಯಿಂದ ಇಸಿದ್ರೊ ಬಯಲು ದೂರವಿಲ್ಲ. ಹಬ್ಬಕ್ಕೆ ಹೋಗುವ ಜನ ಪ್ರತಿ ಮೇ ತಿಂಗಳೂ ಅವನ ಕಣ್ಣೆದುರೇ ಹಾದುಹೋಗಿರಬೇಕು. ಅವರ ಹಾಡು ಅವನಿಗೆ ಕೇಳಿಸಲಿಲ್ಲ. ತೆರೆದ ಬಾಯಿಗಳಷ್ಟೇ ಕಂಡವು. ಯುದ್ಧ, ಬರ, ಸೆರೆಮನೆ ಎಲ್ಲ ನೋಡಿದ ಕಣ್ಣಿಗೆ ಆ ಬಾಯಿಗಳು ಹೇಗೆ ಕಂಡಿರಬಹುದು? ನನಗೆ ಹೊಳೆದ ಉತ್ತರ ಇಷ್ಟು.

ಆದ್ದರಿಂದ ನಮ್ಮ ದಿನಗಳನ್ನು ಹೀಗೆ ಜೋಡಿಸಿದ್ದೇನೆ. ಮೊದಲು ಪ್ರಾಡೊದ ಮೇಲಂತಸ್ತು, ಬಿಸಿಲಿನ ಬಯಲು. ಆಮೇಲೆ ಊರು. ಮೇ 15ಕ್ಕೆ ನಿಜವಾದ ಬಯಲಿನಲ್ಲಿ ಜನರ ನಡುವೆ. ಮರುದಿನ ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆರೆಯುತ್ತಲೇ ಮತ್ತೆ ಪ್ರಾಡೊ, ಈ ಸಲ ನೆಲ ಅಂತಸ್ತು. ಹಬ್ಬದ ಗದ್ದಲ ಕಿವಿಯಲ್ಲಿ ಇರುವಾಗಲೇ ಕತ್ತಲ ಯಾತ್ರೆಯ ಎದುರು ನಿಲ್ಲಬೇಕು.

ಪ್ರಾಡೊ ಟಿಕೆಟ್ 15 ಯೂರೊ. ಮುಚ್ಚುವ ಮುಂಚಿನ ಎರಡು ಗಂಟೆ ಬಿಟ್ಟಿ: ಸೋಮವಾರದಿಂದ ಶನಿವಾರ ಸಂಜೆ 6ರಿಂದ 8, ಭಾನುವಾರ 5ರಿಂದ 7. ಉದ್ದ ಸಾಲು ಇರುತ್ತದೆ, ಆದರೂ ಬೇಗ ಸರಿಯುತ್ತದೆ. ನನ್ನ ಮಟ್ಟಿಗೆ ಒಂದು ಸಲ ದುಡ್ಡು ಕೊಟ್ಟು ಬೆಳಿಗ್ಗೆ ಹೋಗಿ, ಮತ್ತೆ ಒಂದೆರಡು ಸಂಜೆ ಬಿಟ್ಟಿ ಹೊತ್ತಿನಲ್ಲಿ ಎರಡೇ ಕೋಣೆ ನೋಡಿ ಬರುವುದು ಒಳ್ಳೆಯದು. ಒಳಗೆ ಫೋಟೊ ತೆಗೆಯುವಂತಿಲ್ಲ. ಇದು ದೊಡ್ಡ ಉಪಕಾರ. ಜನ ಚಿತ್ರಗಳನ್ನು ಕಣ್ಣಿಂದಲೇ ನೋಡುತ್ತಾರೆ. ಮೇ 1ರಂದು ಪ್ರಾಡೊ ಮುಚ್ಚಿರುತ್ತದೆ. ಆ ತಿಂಗಳು ಹೋಗುವವರು ಗುರುತು ಹಾಕಿಕೊಳ್ಳಿ.

ಗೋಯಾ ಬಿಟ್ಟು ಇನ್ನೊಬ್ಬರಿಗೆ ಜಾಗ ಕೊಟ್ಟಿದ್ದರೆ ಅದು ಪಿಕಾಸೊನ ಗೆರ್ನಿಕಾಗೆ. 1937ರ ಏಪ್ರಿಲ್ 26ರಂದು, ಸ್ಪೇನ್‌ನ ಅಂತರ್ಯುದ್ಧದ ನಡುವೆ, ಗೆರ್ನಿಕಾ ಎಂಬ ಊರಿನ ಮೇಲೆ ಜರ್ಮನ್, ಇಟಾಲಿಯನ್ ವಿಮಾನಗಳು ಬಾಂಬು ಹಾಕಿದವು. ಪ್ಯಾರಿಸ್‌ನಲ್ಲಿದ್ದ ಪಿಕಾಸೊ ಕೆಲವೇ ವಾರಗಳಲ್ಲಿ ಸುಮಾರು ಮೂರೂವರೆ ಮೀಟರ್ ಎತ್ತರ, ಎಂಟು ಮೀಟರ್ ಅಗಲದ ಈ ಚಿತ್ರ ಬಿಡಿಸಿದ. ಸ್ಪೇನ್‌ನಲ್ಲಿ ಜನರಿಗೆ ಸ್ವಾತಂತ್ರ್ಯ ಮರಳುವ ತನಕ ಅದು ಅಲ್ಲಿಗೆ ಹೋಗಬಾರದು ಅಂತ ಹೇಳಿದ್ದ. ನ್ಯೂಯಾರ್ಕ್‌ನಿಂದ ಅದು ಬಂದದ್ದು 1981ರಲ್ಲಿ. 1992ರಿಂದ ರೀನಾ ಸೋಫಿಯಾದಲ್ಲಿದೆ. ಬಲತುದಿಯಲ್ಲಿ ಒಬ್ಬರು ಎರಡೂ ಕೈ ಮೇಲೆತ್ತಿ ಕೂಗುತ್ತಿದ್ದಾರೆ. ಗೋಯಾನ ಬಿಳಿ ಅಂಗಿಯವನನ್ನು ನೋಡಿ ಬಂದವರಿಗೆ ಆ ಕೈಗಳ ಗುರುತು ಸಿಗದೇ ಇರದು. ಈ ಮ್ಯೂಸಿಯಂಗೆ ಮಂಗಳವಾರ ರಜೆ.

ವೀಸಾ ಕೆಲಸವನ್ನು ಬೇಗ ಶುರು ಮಾಡಿ. ಸ್ಪೇನ್ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಶುಲ್ಕ 90 ಯೂರೊ, ಜೊತೆಗೆ ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಬೇಕು. ಬೇಸಿಗೆ ರಜೆಯಲ್ಲಿ ಎಲ್ಲರೂ ಹೊರಡುವುದರಿಂದ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಜುಲೈ, ಆಗಸ್ಟ್ ಬೇಡ. ಆ ಬಿಸಿಲು ವಯಸ್ಸಾದವರಿಗೆ ಆಗುವುದಿಲ್ಲ.

ಊಟದ ಬಗ್ಗೆ ಅವ್ವನಿಗೆ ಚಿಂತೆ ಇತ್ತು. ಅವಳು ಮಾಂಸ ಮುಟ್ಟುವುದಿಲ್ಲ. ಸ್ಪೇನ್‌ನಲ್ಲಿ ಮಾಂಸ ಬೇಡ ಅಂದರೆ ಹಂದಿಮಾಂಸದ ಚೂರನ್ನೂ ಮೀನನ್ನೂ ಲೆಕ್ಕಕ್ಕೆ ಹಿಡಿಯದೆ ಹಾಕಿ ತರುವವರಿದ್ದಾರೆ. ಆದ್ದರಿಂದ 'ಸಿನ್ ಕಾರ್ನೆ' ಅಂದರೆ ಸಾಲದು, 'ಸಿನ್ ಹಮೋನ್, ಸಿನ್ ಪೆಸ್ಕಾದೊ' ಅಂತಲೂ ಹೇಳಬೇಕು. ಹಾಗೆ ಕೇಳಿದರೆ ತಿನ್ನಲು ಬೇಕಾದಷ್ಟಿದೆ. ಎಣ್ಣೆ, ಟೊಮೆಟೊ ಸವರಿದ ಬ್ರೆಡ್ಡು, ಹುರಿದ ಸಣ್ಣ ಹಸಿರು ಮೆಣಸಿನಕಾಯಿ, ಖಾರದ ಸಾಸ್ ಹಾಕಿದ ಆಲೂಗಡ್ಡೆ, ಪಾಲಕ್ ಜೊತೆ ಬೇಯಿಸಿದ ಕಡಲೆಕಾಳು. ಮೊಟ್ಟೆ ತಿನ್ನುವವರಿಗೆ ಆಲೂಗಡ್ಡೆಯ ದಪ್ಪ ಆಮ್ಲೆಟ್ ಎಲ್ಲ ಕಡೆ ಸಿಗುತ್ತದೆ. ಲವಪಿಯೆಸ್ ಬಡಾವಣೆಯಲ್ಲಿ ಭಾರತ, ಬಾಂಗ್ಲಾ ಊಟದ ಹೋಟೆಲ್‌ಗಳಿವೆ. ಅಲ್ಲಿಯ ಜನ ಮಧ್ಯಾಹ್ನದ ಊಟಕ್ಕೆ ಎರಡು ಗಂಟೆಯ ಮೇಲೆ, ರಾತ್ರಿ ಊಟಕ್ಕೆ ಒಂಬತ್ತರ ಮೇಲೆ ಕೂರುತ್ತಾರೆ. ನಾವು ಏಳಕ್ಕೇ ಉಣ್ಣುವವರು. ಅದಕ್ಕೆ ಅವ್ವ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟುತ್ತಾಳೆ. ಹಾಲಿನ ಪದಾರ್ಥವನ್ನು ಹೊರಗಿನಿಂದ ಯುರೋಪಿನೊಳಗೆ ಒಯ್ಯುವಂತಿಲ್ಲ, ಹಾಗಾಗಿ ಪೇಡೆ ಬಿಟ್ಟು ಹೋಗುತ್ತೇವೆ.

ಉಳಿದದ್ದು ಒಂದೇ. ಗೋಯಾ ಮಾದರಿ ಬಿಡಿಸಿಕೊಡುತ್ತಿದ್ದ ರಾಜರ ನೇಯ್ಗೆ ಕಾರ್ಖಾನೆ ಇನ್ನೂ ನಡೆಯುತ್ತಿದೆ. ಶುರುವಾದದ್ದು 1721ರಲ್ಲಿ. ಈಗಿನ ಕಟ್ಟಡ ಆತೋಚಾ ರೈಲು ನಿಲ್ದಾಣದ ಕಡೆ ಇದೆ. ಕೈಮಗ್ಗದಲ್ಲಿ ಈಗಲೂ ಪರದೆ, ಜಮಖಾನ ನೇಯುತ್ತಾರೆ, ಹಳೆಯವನ್ನು ದುರಸ್ತಿ ಮಾಡುತ್ತಾರೆ. ಮೊದಲೇ ಬುಕ್ ಮಾಡಿಕೊಂಡರೆ ಒಳಗೆ ಕರೆದುಕೊಂಡು ಹೋಗಿ ತೋರಿಸುತ್ತಾರೆ. ಅವ್ವನಿಗೆ ಪ್ರಾಡೊಗಿಂತ ಇದರ ಮೇಲೇ ಆಸೆ. ನಾನು ಸ್ಪ್ಯಾನಿಷ್‌ನಲ್ಲಿ ಬರೆದುಕೊಳ್ಳಲಿ ಅಂತ ಪ್ರಶ್ನೆಗಳನ್ನು ಹೇಳುತ್ತಾ ಹೋಗುತ್ತಾಳೆ. ಹಾಸು ಯಾವ ದಾರದ್ದು. ದಿನಕ್ಕೆ ಎಷ್ಟು ನೇಯುತ್ತಾರೆ. ಬಣ್ಣ ಬದಲಾಗುವಲ್ಲಿ ದಾರ ಕಡಿಯುತ್ತಾರೋ, ಹಿಂದೆ ಬಿಡುತ್ತಾರೋ. ನಿನ್ನೆ ರಾತ್ರಿ ಮಲಗುವ ಮುಂಚೆ ಇನ್ನೊಂದು ಸೇರಿಸಿದಳು: "ನೇಯಾವ್ರಿಗೆ ಕೂಲಿ ಏನ್ ಕೊಡ್ತಾರ, ಅದನ್ನ ಮೊದ್ಲ ಕೇಳು."